ಎದೆಯುರಿಗೂ ಹೊಟ್ಟೆ ನುಲಿತಕ್ಕೂ ಒಂದೇ ಮಾತ್ರೆ ಹುಡುಕಬೇಡಿ

ಹುಳಿತೇಗು, ಎದೆಯುರಿ, ಜೊತೆಗೆ ಹೊಟ್ಟೆ ನುಲಿಯುವ ನೋವು. ಎರಡಕ್ಕೂ ಆಗುವ ಒಂದು ಮಾತ್ರೆ ಯಾವುದು ಅಂತ ಕೇಳಿದ್ದೀರಿ. ಮೆಡಿಕಲ್ ಶಾಪಿನ ಮುಂದೆ ನಿಂತು ನಾನೂ ಇದನ್ನೇ ಕೇಳಿದವನು. ಅಂಥ ಒಂದೇ ಮಾತ್ರೆಯನ್ನು ನೆಚ್ಚಿಕೊಳ್ಳಬೇಡಿ. ನೋವಿಗೆಂದು ನುಂಗಿದ್ದೇ ನನ್ನ ಉರಿಯನ್ನು ಹೆಚ್ಚಿಸಿತು.

ನಿಮ್ಮ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ. ಮೆಫೆನಮಿಕ್ ಆ್ಯಸಿಡ್ 250 ಮಿ.ಗ್ರಾಂ., ಡೈಸೈಕ್ಲೊಮಿನ್ 10 ಮಿ.ಗ್ರಾಂ. ಎಂದಿದ್ದರೆ ನಾನು ನುಂಗಿದ್ದೂ ಅದೇ. ಮೊದಲನೆಯದು ನೋವುನಿವಾರಕ, ಜಠರದ ಒಳಗೋಡೆಯನ್ನು ಆಮ್ಲದಿಂದ ಕಾಯುವ ಲೋಳೆಯನ್ನೇ ತೆಳುವಾಗಿಸುತ್ತದೆ. ಎರಡನೆಯದು ಕರುಳಿನ ಹಿಡಿತ ಸಡಿಲಿಸುತ್ತದೆ, ನಿಜ. ಆದರೆ ಅನ್ನನಾಳದ ಕೆಳತುದಿಯ ಬಿಗಿಯೂ ಅದರ ಜೊತೆಗೇ ಸಡಿಲವಾಗುತ್ತದೆ, ಉಂಡದ್ದು ಜಠರದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಆಮ್ಲ ಮೇಲೇರದೆ ಇನ್ನೇನು ಮಾಡೀತು? ಪುದೀನದ ಎಣ್ಣೆಯದೂ ಇದೇ ಕತೆ: ಕರುಳಿಗೆ ಹಿತ, ಎದೆಗೆ ಉರಿ.

ಡಾಕ್ಟರು ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ಬರೆದಿದ್ದರೆ ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ. ಆಮ್ಲ ಸುರಿಸುವ ಪಂಪುಗಳು ಊಟಕ್ಕೆ ಚುರುಕಾಗುತ್ತವೆ. ಆ ಹೊತ್ತಿಗೆ ಔಷಧ ರಕ್ತದಲ್ಲಿರಬೇಕು. ಉರಿ ಬಂದಾಗ ನುಂಗುವ ಮಾತ್ರೆ ಅದಲ್ಲ, ಪೂರ್ತಿ ಪರಿಣಾಮಕ್ಕೆ ಕೆಲವು ದಿನ ಬೇಕು. ತಕ್ಷಣದ ಉರಿಗೆ ಆ್ಯಂಟಾಸಿಡ್ ದ್ರವ ಸಾಕು. ಅದರಲ್ಲಿ ಮೆಗ್ನೀಸಿಯಂ ಹೆಚ್ಚಿದ್ದರೆ ಭೇದಿಯಾಗಿ ಹೊಟ್ಟೆ ನುಲಿಯಬಹುದು, ಅದನ್ನೂ ನೋಡಿಕೊಳ್ಳಿ.

ನುಲಿತಕ್ಕೆ ಟವಲ್ ಸುತ್ತಿದ ಬಿಸಿನೀರಿನ ಚೀಲ, ಹದಿನೈದು ನಿಮಿಷ. ಮಲಬದ್ಧತೆ ಇದ್ದರೆ ಮೊದಲು ಅದನ್ನು ಸರಿಪಡಿಸಿ: ಒಂದು ಚಮಚ ಇಸಬ್‌ಗೋಲ್, ದೊಡ್ಡ ಲೋಟ ನೀರು. ನೀರು ಕಡಿಮೆಯಾದರೆ ಅದೇ ಒಳಗೆ ಗಟ್ಟಿಯಾಗಿ ಕೂರುತ್ತದೆ.

ರಾತ್ರಿ ಊಟಕ್ಕೂ ನಿದ್ದೆಗೂ 3 ಗಂಟೆ ಅಂತರವಿರಲಿ, ಎಡಮಗ್ಗುಲಿಗೆ ಮಲಗಿ. ದಿಂಬಿನ ಮೇಲೆ ದಿಂಬು ಬೇಡ, ಸೊಂಟ ಮಡಚಿ ಹೊಟ್ಟೆ ಒತ್ತುತ್ತದೆ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು 15–20 ಸೆಂ.ಮೀ. ಎತ್ತರಿಸಿ.

ಕಪ್ಪು ಮಲ, ರಕ್ತವಾಂತಿ, ತೋಳಿಗೋ ದವಡೆಗೋ ಹಬ್ಬುವ ಎದೆನೋವು, ಹೊಕ್ಕುಳಿಂದ ಹೊಟ್ಟೆಯ ಬಲಭಾಗದ ಕೆಳಗೆ ಸರಿದು ನಿಲ್ಲುವ ನೋವು ಇದ್ದರೆ ಇದ್ಯಾವುದನ್ನೂ ಮಾಡುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ನುಂಗುವಾಗ ಸಿಕ್ಕಿಕೊಳ್ಳುವುದು, ಸುಮ್ಮಸುಮ್ಮನೆ ತೂಕ ಇಳಿಯುವುದು ಕಂಡರೆ ಆ ವಾರದಲ್ಲೇ ಡಾಕ್ಟರಿಗೆ ತೋರಿಸಿ. ಹೋಗುವಾಗ ನುಂಗುತ್ತಿರುವ ಸ್ಟ್ರಿಪ್‌ಗಳನ್ನೆಲ್ಲ ಜೊತೆಗೆ ಒಯ್ಯಿರಿ.