ಪುಗಾದಲ್ಲಿ ಸ್ನಾನಕ್ಕೆ ಇಳಿಯಬಹುದೇ?

ದಾರಿಯ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ಲಡಾಖ್‌ನ ಬಿಸಿನೀರಿನ ಬುಗ್ಗೆಗಳ ಪ್ರಸ್ತಾಪ ಬಂದದ್ದೇ ತಡ, ಈ ಸಲದ ಪತ್ರಗಳಲ್ಲಿ ಬೇರೆ ವಿಷಯವೇ ಇಲ್ಲ. ಹಂಪಿಯ ವಸತಿ, ಕಾಶಿಯ ರೈಲು ಎಂದು ಕೇಳಿದವರು ದಯವಿಟ್ಟು ಒಂದು ಸಂಚಿಕೆ ತಾಳಬೇಕು. ಭೂವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳ ಮುಂದೆ ಬಿಸಿನೀರಿನ ಬುಗ್ಗೆ ಇಟ್ಟರೆ ಉತ್ತರ ಉದ್ದವಾಗುತ್ತದೆ ಎಂದು ಸಂಪಾದಕರಿಗೆ ಮೊದಲೇ ಹೇಳಿದ್ದೇನೆ.

ಪ್ರಶ್ನೆ: ನಾನೂ ನಮ್ಮ ಯಜಮಾನರೂ ಜುಲೈನಲ್ಲಿ ಲಡಾಖ್‌ಗೆ ಹೊರಟಿದ್ದೇವೆ. ಇಬ್ಬರಿಗೂ ಅರವತ್ತರ ಆಸುಪಾಸು. ಮಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಸುತ್ತ ಬೋಳು ಬೆಟ್ಟ, ನಡುವೆ ಹಬೆಯಾಡುವ ಹೊಂಡ, ಅದರಲ್ಲಿ ಕುತ್ತಿಗೆಯವರೆಗೆ ಮುಳುಗಿ ಕುಳಿತ ಒಬ್ಬನೇ ಒಬ್ಬ ಯುವಕ. ಪುಗಾ ಕಣಿವೆ ಎಂದು ಬರೆದಿತ್ತು. ನಾವೂ ಹಾಗೆ ಕೂರಬಹುದೇ? (ನಿವೃತ್ತ ಶಿಕ್ಷಕಿ, ದಾವಣಗೆರೆ)

ಉತ್ತರ: ಪುಗಾಕ್ಕೆ ಖಂಡಿತ ಹೋಗಿ. ಆದರೆ ಸ್ನಾನಕ್ಕೆಂದು ಹೋಗಬೇಡಿ. ಈ ಸಂಚಿಕೆಯಲ್ಲಿ ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ, ಮಿಕ್ಕದ್ದೆಲ್ಲ ಇದರ ವಿವರಣೆ.

ಪುಗಾ ಇರುವುದು ಲಡಾಖ್‌ನ ಆಗ್ನೇಯಕ್ಕೆ, ಚಾಂಗ್‌ಥಾಂಗ್ ಎಂಬ ಎತ್ತರದ ಬಯಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಮೇಲೆ. ಅಲ್ಲಿ ಒಂದಲ್ಲ, ಕಣಿವೆಯುದ್ದಕ್ಕೂ ಚದುರಿದ ಹತ್ತಾರು ಬುಗ್ಗೆಗಳಿವೆ. ಕೆಲವುಗಳ ನೀರು 30 ಡಿಗ್ರಿ, ಕೆಲವುಗಳದ್ದು 84 ಡಿಗ್ರಿ. ಹಂಡೆಯಿಂದ ನೇರ ತೋಡಿದ ನೀರಿನ ಹಾಗೆ, ತಣ್ಣೀರು ಬೆರೆಸದೆ ಮೈಗೆ ಸುರಿದುಕೊಳ್ಳುವಂತಿಲ್ಲ. ಯಾವುದು ಬೆಚ್ಚಗಿದೆ, ಯಾವುದು ಸುಡುತ್ತದೆ ಎಂದು ಕಣ್ಣಿಗೆ ತಿಳಿಯುವುದೂ ಇಲ್ಲ.

ನೀರಿಗಿಂತ ಅಪಾಯ ನೆಲದ್ದು. ಬುಗ್ಗೆಗಳ ಸುತ್ತ ಉಪ್ಪಿನಂತೆ ಬಿಳಿ ಹೊಪ್ಪಳೆ ಕಟ್ಟಿರುತ್ತದೆ. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವೇ ಅದು. ನಡುನಡುವೆ ಗಂಧಕದ ಹಳದಿ. ಹಿಂದಿನ ಕಾಲದಲ್ಲಿ ಬಿಳಿಗಾರವನ್ನು ಇಲ್ಲಿಂದ ಕುರಿಗಳ ಬೆನ್ನ ಮೇಲೆ ಹೇರಿ ಬೆಟ್ಟ ದಾಟಿಸುತ್ತಿದ್ದರು. ಆ ಹೊಪ್ಪಳೆ ಕಾಲಿಟ್ಟರೆ ಗರಗರ ಎನ್ನುತ್ತದೆ, ಗಟ್ಟಿ ಎಂದು ಧೈರ್ಯ ಬರುತ್ತದೆ. ನಾಲ್ಕು ಹೆಜ್ಜೆ ಮುಂದೆ ಅದೇ ಹೊಪ್ಪಳೆ ಬೆರಳಿನಷ್ಟು ದಪ್ಪವೂ ಇರುವುದಿಲ್ಲ, ಕೆಳಗೆ ಕುದಿಯುವ ಕೆಸರು. ನಾನು ಕಂಡಂತೆ ಸ್ಥಳೀಯರು ಹುಲ್ಲು ಇರುವ ಕಡೆ ಮಾತ್ರ ಕಾಲಿಡುತ್ತಾರೆ, ಬಿಳಿ ನೆಲ ಕಂಡರೆ ಸುತ್ತು ಬಳಸಿ ಹೋಗುತ್ತಾರೆ. ನೀವೂ ಹಾಗೆಯೇ ಮಾಡಿ. ವಿಡಿಯೊದ ಯುವಕ ಎಲ್ಲಿ ಕುಳಿತಿದ್ದನೋ ನನಗೆ ಗೊತ್ತಿಲ್ಲ. ಅವನ ಕಾಲು ಎಲ್ಲೆಲ್ಲಿ ಸುಟ್ಟಿತು ಎಂಬುದನ್ನು ವಿಡಿಯೊದಲ್ಲಿ ತೋರಿಸುವ ಪದ್ಧತಿ ಇಲ್ಲ.

ಸ್ನಾನವೇ ಬೇಕೆಂದರೆ ನಿಮ್ಮ ವಯಸ್ಸಿಗೆ ನಾನು ಪನಾಮಿಕ್ ಎನ್ನುತ್ತೇನೆ. ನುಬ್ರಾ ಕಣಿವೆಯಲ್ಲಿ ಸಿಯಾಚಿನ್ ದಾರಿಯಲ್ಲಿರುವ ಹಳ್ಳಿ, ಲೇಹ್‌ನಿಂದ ಸುಮಾರು 150 ಕಿ.ಮೀ. ಬುಗ್ಗೆಯ ನೀರನ್ನು ಸ್ನಾನದ ಕೋಣೆಗಳಿಗೆ ಹರಿಸಿದ್ದಾರೆ. ದಾರಿಯಲ್ಲಿ ಖರ್ದುಂಗ್ ಲಾ ಎಂಬ ಘಟ್ಟ ದಾಟಬೇಕು, ಅದು 5,300 ಮೀಟರ್‌ಗೂ ಮೇಲೆ. ಆದರೆ ಆ ಕಡೆ ಇಳಿದ ಮೇಲೆ ಪನಾಮಿಕ್ ಸುಮಾರು 3,200 ಮೀಟರ್, ಅಂದರೆ ಲೇಹ್‌ಗಿಂತಲೂ ತಗ್ಗು. ರಾತ್ರಿ ಉಸಿರಾಟ ಸಲೀಸು.

ಪುಗಾವನ್ನೂ ನೋಡಬೇಕೆಂದಿದ್ದರೆ ಆಮೇಲೆ, ಮೈ ಎತ್ತರಕ್ಕೆ ಒಗ್ಗಿದ ನಂತರ ಹೊರಡಿ. ಲೇಹ್ ಬಿಟ್ಟು ಕಾರು, ಉಪ್ಶಿ ಎಂಬ ಊರುಗಳನ್ನು ದಾಟಿ ಸಿಂಧೂ ನದಿಯ ಮಗ್ಗುಲಲ್ಲೇ ಸಾಗುವ ರಸ್ತೆ. ಸುಮಾರು 140 ಕಿ.ಮೀ. ಆದ ಮೇಲೆ ಚುಮಾಥಾಂಗ್ ಸಿಗುತ್ತದೆ. ಬಿಸಿನೀರು ಅಲ್ಲಿ ನದಿಯ ದಂಡೆಯಲ್ಲೇ ಉಕ್ಕುತ್ತದೆ. ದಂಡೆಯ ಕಲ್ಲಿನ ಮೇಲೆ ಕುಳಿತು ಒಂದು ಕೈಯನ್ನು ಸಿಂಧೂವಿನಲ್ಲಿ ಅದ್ದಿದರೆ ಮೂಳೆ ನೋಯುತ್ತದೆ, ಇನ್ನೊಂದು ಕೈಯನ್ನು ಬುಗ್ಗೆಯ ಹತ್ತಿರ ಒಯ್ದರೆ ಹಿಂದಕ್ಕೆ ಎಳೆದುಕೊಳ್ಳಬೇಕಾಗುತ್ತದೆ. ಅಲ್ಲಿಂದ ಮುಂದೆ ಮಾಹೆಯಲ್ಲಿ ಸೇತುವೆ ದಾಟಿ, ಸುಮ್ದೋದಲ್ಲಿ ಬಲಕ್ಕೆ ತಿರುಗಿದರೆ ಪುಗಾ. ಎಡಕ್ಕೆ ಹೋದರೆ ತ್ಸೊ ಮೊರಿರಿ ಸರೋವರ. ಪುಗಾದಿಂದ ಬಂದ ದಾರಿಯಲ್ಲೇ ಮರಳಬೇಕೆಂದಿಲ್ಲ. ಪೊಲೊಕೊಂಕಾ ಲಾ ಏರಿ ತ್ಸೊ ಕಾರ್ ಸರೋವರ ನೋಡಿ, ಡೆಬ್ರಿಂಗ್‌ನಲ್ಲಿ ಮನಾಲಿ ರಸ್ತೆ ಹಿಡಿದು ಲೇಹ್ ಸೇರಬಹುದು. ಹೋಗುವಾಗಲೇ ಕಾರು ಎಂಬ ಆ ಊರಿನಲ್ಲಿ ಗಾಡಿಯ ಟ್ಯಾಂಕ್ ತುಂಬಿಸಿಕೊಳ್ಳಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅದೂ ಪುಗಾದಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ವಿಮಾನ ಇಳಿದ ದಿನ ಮತ್ತು ಮರುದಿನ ಲೇಹ್‌ನಲ್ಲಿ ಸುಮ್ಮನೆ ಬಿದ್ದುಕೊಳ್ಳಿ. ನಿಮ್ಮ ಯಜಮಾನರು ಮಾರುಕಟ್ಟೆಗೆ ಹೋಗಿ ಬರೋಣ ಎಂದರೂ ಬೇಡ ಎನ್ನಿ. ತಲೆನೋವಿನ ಜೊತೆ ವಾಂತಿ, ಓಲಾಟ, ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ ಮಾತ್ರೆ ನುಂಗಿ ಮುಂದೆ ಹೋಗುವುದಲ್ಲ, ಕೆಳಗೆ ಇಳಿಯುವುದು.

ಪ್ರಶ್ನೆ: ಚಳಿಗಾಲದಲ್ಲಿ ನದಿಯೇ ಹೆಪ್ಪುಗಟ್ಟುವ ನಾಡಿನಲ್ಲಿ ನೀರು ಕುದಿಯುವುದು ಹೇಗೆ? ಅಲ್ಲಿ ಜ್ವಾಲಾಮುಖಿ ಇದೆಯೇ? (ಪದವಿ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಜ್ವಾಲಾಮುಖಿ ಇಲ್ಲ. ಭಾರತದ ಭೂಫಲಕ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಡಿಕ್ಕಿ ಹೊಡೆದು ಸುಮಾರು 5 ಕೋಟಿ ವರ್ಷವಾಯಿತು. ಆ ಎರಡು ನೆಲಗಳನ್ನು ಹೊಲಿದ ಗೆರೆ ಸಿಂಧೂ ಕಣಿವೆಯ ಉದ್ದಕ್ಕೂ ಹೋಗುತ್ತದೆ, ಪುಗಾ ಆ ಗೆರೆಯ ಹತ್ತಿರವೇ ಇದೆ. ಡಿಕ್ಕಿಯಲ್ಲಿ ಭೂಮಿಯ ತೊಗಟೆ ದಪ್ಪವಾಯಿತು, ಆಳದಲ್ಲಿ ಕಲ್ಲು ಬಿಸಿಯಾಯಿತು, ಮೇಲೆ ಬಿರುಕುಗಳೂ ಆದವು. ಹಿಮ ಕರಗಿದ ನೀರು ಒಂದು ಬಿರುಕಿನಲ್ಲಿ ಇಳಿದು, ಕಾದು, ಇನ್ನೊಂದರಲ್ಲಿ ಏರುತ್ತದೆ. ಬರುವಾಗ ಕಲ್ಲಿನಿಂದ ಬೋರಾನ್, ಗಂಧಕ, ಸೀಸಿಯಂ ಎಲ್ಲವನ್ನೂ ಕರಗಿಸಿಕೊಂಡು ಬರುತ್ತದೆ.

ಇನ್ನೊಂದು ಸಂಗತಿಯನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪುಗಾದ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ 84 ಡಿಗ್ರಿಯ ಬುಗ್ಗೆ ಎಂದರೆ ಹೆಚ್ಚುಕಡಿಮೆ ಕುದಿಯುವ ನೀರೇ. ಕಲಬುರಗಿಯಲ್ಲಿ ಕುಳಿತು 84 ಎಂದರೆ ಇನ್ನೂ ಕುದಿ ಬಂದಿಲ್ಲ ಎನ್ನಿಸಬಹುದು. ಅಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯಿಸಲು ಹೊರಟವರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ಪ್ರಶ್ನೆ: ಹಿಮಾಲಯದ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಂದ ಮೇಲೆ ನನ್ನ ಕಾಲುಂಗುರ, ಗೆಜ್ಜೆ ಎರಡೂ ಕಪ್ಪಾಗಿವೆ. ಬೆಳ್ಳಿಯಲ್ಲಿ ಮೋಸವಾಗಿದೆಯೇ? (ಗೃಹಿಣಿ, ಚಿಕ್ಕಮಗಳೂರು)

ಉತ್ತರ: ಇಲ್ಲ ತಾಯಿ, ಅಕ್ಕಸಾಲಿಗರ ಮೇಲೆ ಜಗಳಕ್ಕೆ ಹೋಗಬೇಡಿ. ಗಂಧಕ ತಾಗಿದರೆ ಅಪ್ಪಟ ಬೆಳ್ಳಿಯೂ ಕಪ್ಪಾಗುತ್ತದೆ. ತಿಕ್ಕಿಸಿದರೆ ಹೋಗುತ್ತದೆ.

ಪ್ರಶ್ನೆ: ಗಂಧಕದ ನೀರಿನಿಂದ ಮಂಡಿನೋವು, ಚರ್ಮರೋಗ ಗುಣವಾಗುತ್ತದೆ ಎನ್ನುತ್ತಾರೆ. ನಮ್ಮ ತಾಯಿಯನ್ನು ಕರೆದೊಯ್ಯಬೇಕೆಂದಿದ್ದೇನೆ. ಬಾಟಲಿಯಲ್ಲಿ ತುಂಬಿ ತಂದರೂ ನಡೆಯುತ್ತದೆಯೇ? (ವ್ಯಾಪಾರಿ, ಹುಬ್ಬಳ್ಳಿ)

ಉತ್ತರ: ಬೆಚ್ಚನೆಯ ನೀರಿನಲ್ಲಿ ಕುಳಿತರೆ ಮಂಡಿಗೆ ಹಿತವಾಗುತ್ತದೆ, ಇದರಲ್ಲಿ ಸುಳ್ಳಿಲ್ಲ. ಆ ಹಿತ ಹುಬ್ಬಳ್ಳಿಯ ಬಚ್ಚಲಲ್ಲೂ ಸಿಗುತ್ತದೆ. ಅದಕ್ಕಾಗಿ ತಾಯಿಯವರನ್ನು 4,000 ಮೀಟರ್ ಏರಿಸುವುದಕ್ಕೆ ಮುನ್ನ ಅವರ ಹೃದಯ, ರಕ್ತದೊತ್ತಡ ನೋಡುವ ವೈದ್ಯರನ್ನು ಕೇಳಿ. ಬಿಸಿನೀರಿನಲ್ಲಿ ರಕ್ತನಾಳ ಹಿಗ್ಗಿ ಒತ್ತಡ ಇಳಿಯುತ್ತದೆ, ಎತ್ತರದಲ್ಲಿ ಆಮ್ಲಜನಕವೂ ಕಡಿಮೆ. ಎರಡೂ ಕೂಡಿದಾಗ ಥಟ್ಟನೆ ಎದ್ದು ನಿಂತವರು ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಹತ್ತು ನಿಮಿಷ ಸಾಕು, ಒಬ್ಬರೇ ಇಳಿಯಬಾರದು, ಮೊದಲು ಕುಡಿಯುವ ನೀರು ಕುಡಿದಿರಬೇಕು. ಮುಚ್ಚಿದ ಸ್ನಾನದ ಕೋಣೆಯಾದರೆ ಕಿಟಕಿ ತೆರೆದಿಡಿ, ಕೊಳೆತ ಮೊಟ್ಟೆಯ ವಾಸನೆ ಬರುವ ಅನಿಲ ಒಳಗೆ ತುಂಬಿಕೊಳ್ಳುವುದು ಒಳ್ಳೆಯದಲ್ಲ.

ತಲೆ ಮುಳುಗಿಸುವುದು ಮಾತ್ರ ಎಲ್ಲಿಯೂ ಬೇಡ, ಮೂರು ಮುಳುಗು ಹಾಕಿದರೆ ಪುಣ್ಯ ಎಂದು ಯಾರು ಹೇಳಿದರೂ ಬೇಡ. ಬೆಚ್ಚನೆಯ ಸಿಹಿನೀರಿನಲ್ಲಿ ಬೆಳೆಯುವ ಒಂದು ಅಮೀಬಾ ಮೂಗಿನ ಮೂಲಕ ಮೆದುಳಿಗೆ ಏರಬಲ್ಲದು. ಈಚಿನ ವರ್ಷಗಳಲ್ಲಿ ಕೇರಳದಿಂದ ಬಂದ ಸುದ್ದಿ ನೀವೂ ಓದಿರುತ್ತೀರಿ. ಅಪರೂಪದ ಕಾಯಿಲೆ, ಬಂದರೆ ಉಳಿಯುವವರೂ ಅಪರೂಪ.

ಬಾಟಲಿಯಲ್ಲಿ ತರಬೇಡಿ, ಕುಡಿಯಲಂತೂ ಬೇಡವೇ ಬೇಡ. ಇಂಥ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಫ್ಲೋರೈಡ್ ಹಲ್ಲಿಗೂ ಮೂಳೆಗೂ ಏನು ಮಾಡುತ್ತದೆ ಎಂದು ಪಾವಗಡದವರನ್ನು ಕೇಳಿ, ಹೇಳುತ್ತಾರೆ.

ಪ್ರಶ್ನೆ: ನಕ್ಷೆಯಲ್ಲಿ ಲಡಾಖ್‌ನ ಪೂರ್ವದ ತುದಿಗೆ ‘ಹಾಟ್ ಸ್ಪ್ರಿಂಗ್ಸ್’ ಎಂಬ ಊರೇ ಇದೆ. ಜನರಿಲ್ಲದ ಬುಗ್ಗೆ ಎಂದರೆ ಅದೇ ಇರಬೇಕಲ್ಲ? ಬೈಕಿನಲ್ಲಿ ಹೋಗುವ ಆಲೋಚನೆ. (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಅದು ಊರಲ್ಲ, ಚಾಂಗ್ ಚೆನ್ಮೊ ಕಣಿವೆಯಲ್ಲಿ ಚೀನಾದ ಕಡೆಯ ನಿಯಂತ್ರಣ ರೇಖೆಯ ಮಗ್ಗುಲಲ್ಲಿರುವ ಜಾಗ. 1959ರ ಅಕ್ಟೋಬರ್ 21ರಂದು ಅಲ್ಲಿ ಗಸ್ತು ಹೊರಟ ಕರಮ್ ಸಿಂಗ್ ನೇತೃತ್ವದ ನಮ್ಮ ಪೊಲೀಸರ ಮೇಲೆ ಚೀನೀ ಸೈನಿಕರು ಗುಂಡು ಹಾರಿಸಿದರು, 10 ಮಂದಿ ಸತ್ತರು. ಪ್ರತಿ ವರ್ಷ ಅಕ್ಟೋಬರ್ 21ರಂದು ನಿಮ್ಮ ಬೆಂಗಳೂರಿನ ಮೈಸೂರು ರಸ್ತೆಯ ಸಿ.ಎ.ಆರ್. (ನಗರ ಸಶಸ್ತ್ರ ಮೀಸಲು ಪೊಲೀಸ್ ಪಡೆ) ಮೈದಾನದಲ್ಲಿ ನಡೆಯುವ ಪೊಲೀಸ್ ಹುತಾತ್ಮರ ದಿನಾಚರಣೆ ಆ ಘಟನೆಯ ನೆನಪಿಗೆ. ನಿಮ್ಮ ಕಚೇರಿಯ ಬಸ್ ಆ ದಾರಿಯಲ್ಲೇ ಹೋಗುತ್ತಿರಬಹುದು. 2020ರಲ್ಲಿ ಮತ್ತೆ ಅಲ್ಲಿ ಎರಡೂ ಸೇನೆಗಳು ಎದುರುಬದುರಾಗಿ, 2022ರ ಸೆಪ್ಟೆಂಬರ್‌ನಲ್ಲಿ ಹಿಂದೆ ಸರಿದವು. ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಡುವ ಜಾಗವಲ್ಲ. ಗಡಿಪ್ರದೇಶದ ಅನುಮತಿ, ಪರಿಸರ ಶುಲ್ಕಗಳ ನಿಯಮ ಆಗಾಗ ಬದಲಾಗುತ್ತದೆ, ಯಾವ ದಾರಿಗೆ ಏನು ಬೇಕೆಂದು ಲೇಹ್‌ನಲ್ಲೇ ವಿಚಾರಿಸಿ ಹೊರಡಿ.

ಪ್ರಶ್ನೆ: ನಾವು ನಾಲ್ವರು ಗೆಳತಿಯರು. ಪುಗಾದ ಬುಗ್ಗೆಯ ಪಕ್ಕದಲ್ಲೇ ಟೆಂಟ್ ಹಾಕಿ ರಾತ್ರಿ ಕಳೆಯುವ ಆಸೆ. ಯಾರೂ ಇರುವುದಿಲ್ಲವಾದ್ದರಿಂದ ಬಟ್ಟೆಬರೆಯ ಯೋಚನೆಯೂ ಇಲ್ಲವಲ್ಲ? (ಸಂಶೋಧನಾ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಯಾರೂ ಇರುವುದಿಲ್ಲ ಎಂದು ನಿಮಗೆ ಹೇಳಿದವರು ಯಾರು? ಪುಗಾ ಚಾಂಗ್‌ಪಾ ಕುರಿಗಾಹಿಗಳ ಹುಲ್ಲುಗಾವಲು. ಪಶ್ಮಿನಾ ಉಣ್ಣೆಯ ಆಡುಗಳನ್ನು ಸಾಕುವವರು ಇವರೇ. ಯಾಕ್ ಕೂದಲಿನಿಂದ ನೇಯ್ದ ಕಪ್ಪು ಡೇರೆ ದೂರದಲ್ಲಿ ಕಲ್ಲುಬಂಡೆಯಂತೆ ಕಾಣುತ್ತದೆ, ನಾಯಿ ಬೊಗಳಿದಾಗಲೇ ಅದು ಮನೆ ಎಂದು ತಿಳಿಯುವುದು. ಅಲೆಮಾರಿ ಮಕ್ಕಳಿಗೆಂದು ವಸತಿಶಾಲೆಯೂ ಅಲ್ಲಿದೆ. ನಮ್ಮೂರ ಕೆರೆಯ ದಂಡೆಯಲ್ಲಿ ಹೇಗೆ ಇರುತ್ತೀರೋ ಹಾಗೆ ಇರಿ. ಪನಾಮಿಕ್, ಚುಮಾಥಾಂಗ್‌ಗಳಲ್ಲಿ ಬಾಗಿಲು ಹಾಕಿಕೊಳ್ಳುವ ಕೋಣೆಗಳಿವೆ, ಅಲ್ಲಿ ನಿಮ್ಮಿಷ್ಟ.

ಟೆಂಟ್ ಬುಗ್ಗೆಯ ಪಕ್ಕದಲ್ಲಿ ಬೇಡ. ನೆಲ ನಂಬಿಕೆಗೆ ಅರ್ಹವಲ್ಲ ಎಂದು ಮೇಲೆಯೇ ಹೇಳಿದ್ದೇನೆ. ಜೊತೆಗೆ ಬುಗ್ಗೆಯ ನೀರು ಹರಿದ ಜೌಗಿನಲ್ಲಿ ಕಪ್ಪು ಕತ್ತಿನ ಕೊಕ್ಕರೆ ಬೇಸಿಗೆಯಲ್ಲಿ ಗೂಡು ಕಟ್ಟುತ್ತದೆ. ಲಡಾಖ್ ತನ್ನ ಹಕ್ಕಿಯೆಂದು ಘೋಷಿಸಿಕೊಂಡಿರುವುದು ಅದನ್ನೇ. ಮನುಷ್ಯರು ಸುಳಿದಾಡಿದರೆ ಅದು ಗೂಡು ಬಿಟ್ಟೇಳುತ್ತದೆ, ಅಷ್ಟರಲ್ಲಿ ಮೊಟ್ಟೆ ನಾಯಿಯ ಪಾಲು. ಸುಮ್ದೋದಲ್ಲೋ ತ್ಸೊ ಮೊರಿರಿಯ ದಡದ ಕೊರ್ಜೋಕ್ ಹಳ್ಳಿಯಲ್ಲೋ ವಸತಿ ಕೇಳಿ. ಸೋಪು, ಶಾಂಪೂ ಚೀಲದಿಂದ ಹೊರಗೆ ತೆಗೆಯಬೇಡಿ.

ಪ್ರಶ್ನೆ: ಪುಗಾದಲ್ಲಿ ವಿದ್ಯುತ್ ತಯಾರಿಸುತ್ತಾರಂತೆ. ಎಲ್ಲವೂ ಹಾಳಾಗುವ ಮೊದಲೇ ನೋಡಿ ಬರಬೇಕೇ? (ರೈತರು, ಶಿವಮೊಗ್ಗ)

ಉತ್ತರ: ಶರಾವತಿಯ ಕಡೆಯವರು ಕೇಳಬೇಕಾದ ಪ್ರಶ್ನೆಯೇ. ಭೂಮಿಯ ಶಾಖದಿಂದ ವಿದ್ಯುತ್ ತೆಗೆಯಲು 2021ರಲ್ಲಿ ಓಎನ್‌ಜಿಸಿ ಲಡಾಖ್ ಆಡಳಿತದೊಂದಿಗೆ ಒಪ್ಪಂದ ಮಾಡಿಕೊಂಡಿತು. 2022ರ ಆಗಸ್ಟ್‌ನಲ್ಲಿ ಕೊರೆಯುವಾಗ ಬಿಸಿ ದ್ರವ ಉಕ್ಕಿ ಪುಗಾ ಹೊಳೆಗೆ ಸೇರಿ, ಕೆಲಸ ನಿಲ್ಲಿಸಬೇಕಾಯಿತು. ಚಳಿಗಾಲದಲ್ಲಿ ಡೀಸೆಲ್ ಸುಟ್ಟು ಬೆಳಕು ಕಾಣುವ ನಾಡಿಗೆ ಇಂಥ ವಿದ್ಯುತ್ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೊಳೆಯ ನೀರು ಕುಡಿಯುವ ಆಡುಗಳದ್ದೂ ಒಂದು ಲೆಕ್ಕ ಇರಬೇಕು, ಅಷ್ಟೇ. ಹೋಗುವುದಾದರೆ ಕಾತರಕ್ಕೆ ಹೋಗಬೇಡಿ, ರಜೆ ಹೊಂದಿದಾಗ ಹೋಗಿ. ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ.

ಪ್ರಶ್ನೆ: ಇಷ್ಟು ದೂರ ಹೋಗಲು ರಜೆಯೂ ಇಲ್ಲ, ಹಣವೂ ಇಲ್ಲ. ಹತ್ತಿರದಲ್ಲಿ ಏನಿದೆ? (ಬಸ್ ನಿರ್ವಾಹಕರು, ಹಾಸನ)

ಉತ್ತರ: ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರ್ ತೀರ್ಥ ಇದೆ. ನೀರು ಉಗುರು ಬೆಚ್ಚಗೆ, ಮೈ ಶಾಖಕ್ಕಿಂತ ತುಸು ಹೆಚ್ಚು, ಸಣ್ಣಗೆ ಗಂಧಕದ ವಾಸನೆ. ದಕ್ಷಿಣ ಭಾರತದ ಏಕೈಕ ಬಿಸಿನೀರಿನ ಬುಗ್ಗೆ ಎಂದು ಬರೆಯುತ್ತಾರೆ, ತೆಲಂಗಾಣದ ಗೋದಾವರಿ ಕಣಿವೆಯ ಮಣುಗೂರಿನಲ್ಲೂ ಬಿಸಿನೀರು ಇರುವುದರಿಂದ ಆ ಮಾತು ಸರಿಯಲ್ಲ. ತೀರ್ಥವಾದ್ದರಿಂದ ಅಲ್ಲಿಯ ಕಟ್ಟುಪಾಡು ಕೇಳಿಕೊಂಡು ಇಳಿಯಿರಿ. ಇನ್ನೂ ಬಿಸಿ ಬೇಕೆಂದರೆ ಮಹಾರಾಷ್ಟ್ರದ ಕೊಂಕಣಕ್ಕೆ ಹೋಗಿ, ರತ್ನಾಗಿರಿ ಜಿಲ್ಲೆಯ ರಾಜಾಪುರ, ತುರಳ, ಉನ್ಹವರೆಗಳಲ್ಲಿ ಬಿಸಿನೀರಿನ ಕುಂಡಗಳಿವೆ. ಕೊಂಕಣ ರೈಲು ರತ್ನಾಗಿರಿಯವರೆಗೆ ಸಿಗುತ್ತದೆ, ಮುಂದಕ್ಕೆ ಅಲ್ಲಿಯ ಬಸ್ಸು. ಅದರ ವೇಳಾಪಟ್ಟಿ ಓದುವುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.