ಗೋಡೆಯ ಮೇಲಿನ ಸರ್ಟಿಫಿಕೇಟ್: ಆಸ್ಪತ್ರೆಯ ಫಾರ್ಮಸಿಸ್ಟ್ ಒಬ್ಬರ ಪ್ರಕರಣ

ಸುಮಾ ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ಹೆಸರು ಬದಲಿಸಿದ್ದೇನೆ. ಊರು, ಆಸ್ಪತ್ರೆ ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು ಮೂವತ್ತರ ಆಚೀಚೆ, ಓದಿದ್ದು ಬಿ.ಫಾರ್ಮ್, ಅಂದರೆ ಫಾರ್ಮಸಿ ಪದವಿ. ಕೊಡಗಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯ ಫಾರ್ಮಸಿಯನ್ನು ಮದುವೆಗೆ ಮುಂಚಿನಿಂದಲೂ ನೋಡಿಕೊಳ್ಳುತ್ತಿದ್ದಾರೆ. ಗಂಡನಿಗೆ ಸ್ವಲ್ಪ ಕಾಫಿ ತೋಟ ಇದೆ. ಶಾಲೆಗೆ ಹೋಗುವ ಒಬ್ಬಳು ಮಗಳು. ಮನೆಯಲ್ಲಿ ಅತ್ತೆ.

ಆದರೆ ಕೂತ ಕೂಡಲೇ ಅವರು ಮಾತಾಡಿದ್ದು ನಿದ್ದೆಯ ಬಗ್ಗೆ ಅಲ್ಲ. "ಮೇಡಂ, ನಾನು ಫಾರ್ಮ್ ಡಿ ಮಾಡ್ಬೇಕು. ಕೆಲಸ ಬಿಟ್ಟು ಮೈಸೂರಿಗೆ ಹೋಗ್ತೀನಿ. ಮನೇಲಿ ಒಪ್ಪಿಸೋದು ಹೇಗೆ, ಅಷ್ಟು ಹೇಳಿ ಸಾಕು."

ಗೊತ್ತಿಲ್ಲದವರಿಗೆ: ಫಾರ್ಮ್ ಡಿ, ಅಂದರೆ ಡಾಕ್ಟರ್ ಆಫ್ ಫಾರ್ಮಸಿ, ನಮ್ಮ ದೇಶದಲ್ಲಿ 2008ರಲ್ಲಿ ಶುರುವಾದ ಕೋರ್ಸ್. ಪಿಯುಸಿ ಆದ ಮೇಲೆ ಸೇರಿದರೆ 6 ವರ್ಷ. ಬಿ.ಫಾರ್ಮ್ ಆದವರಿಗೆ 3 ವರ್ಷ: 2 ವರ್ಷ ಓದು, 1 ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಔಷಧಿಯ ಅಂಗಡಿಗಿಂತ ರೋಗಿಯ ಹಾಸಿಗೆಯ ಹತ್ತಿರದ ಕೆಲಸಕ್ಕೆ ತಯಾರು ಮಾಡುವ ಓದು ಅದು. ಒಳ್ಳೆಯ ಆಸೆಯೇ. ಆದರೆ ಯಾಕೆ ಈಗಲೇ ಅಂತ ಕೇಳಿದೆ. ಆಗ ಮಳೆಗಾಲದ ಒಂದು ಸಂಜೆಯ ಕಥೆ ಹೊರಗೆ ಬಂತು.

ಕೀಲುವಾತದ ಒಬ್ಬ ಹಿರಿಯರು ಅವತ್ತು ಡಿಸ್ಚಾರ್ಜ್ ಆಗುತ್ತಿದ್ದರು. ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ 7.5 ಮಿ.ಗ್ರಾಂ, ದಿನಕ್ಕೊಂದು ಸಲ ಅಂತ ಬರೆದಿತ್ತು. ಕೀಲುವಾತಕ್ಕೆ ಈ ಮಾತ್ರೆ ಕೊಡುವುದು ವಾರಕ್ಕೆ ಒಂದೇ ದಿನ. ದಿನವೂ ತಿಂದರೆ ಬಾಯೆಲ್ಲ ಹುಣ್ಣಾಗುತ್ತದೆ, ಮೂಳೆಯ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಬಹುದು. ಜೀವ ಹೋದ ಉದಾಹರಣೆಗಳು ಬೇರೆ ಬೇರೆ ದೇಶಗಳಲ್ಲಿ ಇವೆ. ಸುಮಾ ಹಳೇ ಚೀಟಿ ತೆಗೆಸಿ ನೋಡಿದರು. ಅದರಲ್ಲಿ ವಾರಕ್ಕೊಮ್ಮೆ ಅಂತಲೇ ಇತ್ತು. ಒಪಿಡಿಯಲ್ಲಿದ್ದ ಡಾಕ್ಟರಿಗೆ ಫೋನ್ ಮಾಡಿದರು. "ಬರೆದಿದ್ದು ಕೊಡೋಕೆ ಆಗಲ್ವೇನಮ್ಮಾ? ಇಲ್ಲಿ ಎಷ್ಟು ಜನ ಕೂತಿದ್ದಾರೆ ಗೊತ್ತಾ?" ಅಂತ ಫೋನ್ ಇಟ್ಟುಬಿಟ್ಟರು.

ಸುಮಾ ಆ ಮಾತ್ರೆ ಮಾತ್ರ ಕೊಡಲಿಲ್ಲ. ನಾಳೆ ಬನ್ನಿ ಅಂತ ಮಗನಿಗೆ ಹೇಳಿ ಕಳಿಸಿದರು. ಅವನು ಮಳೆಯಲ್ಲಿ ಮತ್ತೆ ಅಷ್ಟು ದೂರ ಬರಬೇಕಾ ಅಂತ ಮ್ಯಾನೇಜರ್ ಹತ್ತಿರ ಕೂಗಾಡಿದ. ಮ್ಯಾನೇಜರ್ ಸುಮಾಗೆ ಬೈದರು. ಮಾರನೇ ದಿನ ಚೀಟಿ ತಿದ್ದಿ ಬಂತು. ಯಾರೂ ಏನೂ ಹೇಳಲಿಲ್ಲ, ಡಾಕ್ಟರೂ ಕೂಡ.

"ಹೆಸರಿನ ಮುಂದೆ ಡಾ. ಅಂತ ಇದ್ದಿದ್ದರೆ ಹಾಗೆ ಫೋನ್ ಇಡ್ತಿದ್ರಾ ಮೇಡಂ?" ಅಂತ ಕೇಳಿದರು. ಫಾರ್ಮ್ ಡಿ ಆಸೆ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಯಿತು.

ಆ ಸಂಜೆಯ ನಂತರ ನಿದ್ದೆ ಕೆಟ್ಟಿತ್ತು. ಕಪಾಟು ಮತ್ತೆ ಮತ್ತೆ ನೋಡುವುದು, ಕೊಟ್ಟ ಮಾತ್ರೆಯ ಸ್ಟ್ರಿಪ್ ವಾಪಸ್ ಇಸಿದುಕೊಂಡು ಓದುವುದು. ಮನೆಗೆ ಹೋದ ಮೇಲೆ ರಾತ್ರಿ ಆಸ್ಪತ್ರೆಗೆ ಫೋನ್ ಮಾಡಿ "ಯಾರಿಗೆ ಏನು ಕೊಟ್ಟೆ?" ಅಂತ ವಿಚಾರಿಸುವುದು. ಗಂಡ ಮೊದಮೊದಲು ನಕ್ಕರು, ಆಮೇಲೆ ರೇಗಿದರು. "ನಂಗೆ ತಲೆ ಕೆಟ್ಟಿದೆಯಾ ಮೇಡಂ?" ಅಂತ ಮೆಲ್ಲಗೆ ಕೇಳಿದರು.

ಇಂಥದ್ದು ಕೇಳಿದ ಕೂಡಲೇ ಆತಂಕದ ಕಾಯಿಲೆ ಅಂತ ಹೆಸರಿಡುವುದು ಸುಲಭ. ನಾನು ಮನೆಯ ವಿಷಯ ಕೇಳಿದೆ. ಗ್ಯಾಸ್, ಬಾಗಿಲ ಚಿಲಕ, ಮಗಳ ಟಿಫನ್ ಡಬ್ಬಿ, ಇವನ್ನೂ ಹೀಗೆ ಪದೇ ಪದೇ ನೋಡುತ್ತೀರಾ? ಇಲ್ಲ. ಊಟ ಸರಿ ಇದೆ. ರಜೆ ದಿನ ಮಧ್ಯಾಹ್ನ ಚೆನ್ನಾಗಿ ಮಲಗುತ್ತಾರೆ. ಹಾಗಾದರೆ ರಾತ್ರಿಯ ಫೋನ್ ಯಾರಿಗೆ ಅಂತ ಕೇಳಿದೆ. ಆ ಪ್ರಶ್ನೆಗೆ ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಸಂಜೆ ಸುಮಾ ಹೊರಟ ಮೇಲೆ ಕೌಂಟರಿನಲ್ಲಿ ಕೂರುವುದು ಪಿಯುಸಿ ಮುಗಿಸಿದ ಒಬ್ಬ ಹುಡುಗ. ಒಳ್ಳೆಯ ಹುಡುಗ, ಚುರುಕು. ಬಿಲ್ ಹಾಕಲು ಅಂತ ತೆಗೆದುಕೊಂಡಿದ್ದು. ರಾತ್ರಿ ಮದ್ದು ಕೊಡುವವನೂ ಅವನೇ. ಗೋಡೆಯ ಮೇಲೆ ನೇತಾಡುವ ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಸುಮಾದು. ರಾತ್ರಿಯ ಬಿಲ್ಲುಗಳಿಗೆ ಬೆಳಿಗ್ಗೆ ಬಂದು ಸಹಿ ಹಾಕುವವರೂ ಅವರೇ.

ಅಲ್ಲಿಗೆ ನನ್ನ ಕೆಲಸ ಬದಲಾಯಿತು. ಈ ಹೆದರಿಕೆಯಲ್ಲಿ ಅರ್ಧ ಕಾಯಿಲೆಯೇ ಅಲ್ಲ, ಸರಿಯಾದ ಹೆದರಿಕೆ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಪ್ರಕಾರ ಡಾಕ್ಟರ್ ಚೀಟಿಗೆ ಮದ್ದು ಕೊಡಬೇಕಾದವರು ರಿಜಿಸ್ಟರ್ಡ್ ಫಾರ್ಮಸಿಸ್ಟ್ ಮಾತ್ರ. ತಾನು ಇಲ್ಲದ ಹೊತ್ತಿನಲ್ಲಿ ತನ್ನ ಹೆಸರಿನಲ್ಲಿ ಮದ್ದು ಹೋಗುತ್ತಿದೆ ಅಂದರೆ ಯಾರಿಗೆ ನಿದ್ದೆ ಬರುತ್ತದೆ? ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಆ ಹೆದರಿಕೆಯನ್ನು ಕಡಿಮೆ ಮಾಡಿದ್ದರೆ ಅದು ಸಲಹೆ ಆಗುತ್ತಿರಲಿಲ್ಲ, ಮೋಸ ಆಗುತ್ತಿತ್ತು.

ಹಾಗಾಗಿ ಕಾಗದದ ಮೇಲೆ ಹೆದರಿಕೆಗಳನ್ನು ಎರಡು ಪಾಲು ಮಾಡಿಸಿದೆ. ಒಂದು, ಬೇರೆಯವರ ಹತ್ತಿರ ಮಾತಾಡಿ ಸರಿ ಮಾಡಿಸಬೇಕಾದದ್ದು. ಇನ್ನೊಂದು, ಸುಮಾ ತಾವೇ ಸುಮ್ನೆ ಬೆಳೆಸಿಕೊಂಡಿದ್ದು.

ರಾತ್ರಿಯ ವ್ಯವಸ್ಥೆ ಮೊದಲ ಪಾಲಿಗೆ ಹೋಯಿತು. ನಾನು ಹೇಳಿದ್ದು: ಬಾಯಿಮಾತಲ್ಲಿ ದೂರಬೇಡಿ. ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ. ತಾವಿಲ್ಲದಾಗ ಹೋದ ಮದ್ದಿನ ಬಿಲ್ಲಿಗೆ ಇವತ್ತಿನಿಂದ ಸಹಿ ಹಾಕಬೇಡಿ. ತೊಂದರೆಯ ಜೊತೆ ದಾರಿಯನ್ನೂ ತೋರಿಸಿ, ಇಲ್ಲದಿದ್ದರೆ ಮ್ಯಾನೇಜರ್ ಕಿವಿಗೆ ಅದು ಬರೀ ತಕರಾರು. ದಾರಿ ಸುಮಾಗೇ ಗೊತ್ತಿತ್ತು. ಡಾಕ್ಟರ್ ತಮ್ಮ ರೋಗಿಗೆ ತಾವೇ ಮದ್ದು ಕೊಡಲು ಕಾಯ್ದೆಯಲ್ಲಿ ಅವಕಾಶ ಇದೆ. ರಾತ್ರಿ ಬೇಕಾಗುವ ಮದ್ದುಗಳನ್ನು ಸಂಜೆಯೇ ಪೆಟ್ಟಿಗೆಯಲ್ಲಿ ತುಂಬಿ, ಪಟ್ಟಿ ಬರೆದು ಡ್ಯೂಟಿ ಡಾಕ್ಟರಿಗೆ ಒಪ್ಪಿಸುವುದು. ಹುಡುಗ ಬಿಲ್ ಮಾತ್ರ ಹಾಕಲಿ. ಎರಡನೇ ಫಾರ್ಮಸಿಸ್ಟ್ ಸಿಗುವವರೆಗೆ ಇಷ್ಟು.

ಕೆಲಸ ಹೋದರೆ? ಹೋಗಬಹುದು, ಅದನ್ನು ಮುಚ್ಚಿಡಲಿಲ್ಲ. ಪತ್ರ ಕೊಡುವ ಮುಂಚೆ ಗಂಡನ ಹತ್ತಿರ ಮಾತಾಡಿ ಅಂದೆ. ಅವರು "ಅಂಥಾ ಸಹಿ ಹಾಕ್ಬೇಡ, ಬೇಕಾದ್ರೆ ಮನೇಲಿರು" ಅಂದರಂತೆ. ಕೊನೆಯ ಎರಡು ಪದ ಸುಮಾಗೆ ಇಷ್ಟ ಆಗಲಿಲ್ಲ. ಮೊದಲ ಪದಗಳಿಂದ ಧೈರ್ಯ ಬಂತು.

ಎರಡನೇ ಪಾಲು, ಅಂದರೆ ಕಪಾಟು ಹತ್ತು ಸಲ ನೋಡುವುದು. ಒಬ್ಬರೇ ಎಷ್ಟು ಸಲ ನೋಡಿದರೂ ಕಣ್ಣು ಮೊದಲು ಓದಿದ್ದನ್ನೇ ಮತ್ತೆ ಓದುತ್ತದೆ. ಇನ್ನೊಬ್ಬರ ಕಣ್ಣು ಒಂದು ಸಲ ಬೇಕು. ಅದೂ ಎಲ್ಲ ಮದ್ದಿಗಲ್ಲ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್ ಇಂಜೆಕ್ಷನ್, ಮೆಥೊಟ್ರೆಕ್ಸೇಟ್, ಹೀಗೆ ತಪ್ಪಿದರೆ ದೊಡ್ಡ ಅಪಾಯ ಇರುವ ಕೆಲವಕ್ಕೆ ಮಾತ್ರ. ಇವು ಹೊರಗೆ ಹೋಗುವಾಗ ಸಿಸ್ಟರ್ ಒಬ್ಬರು ಸ್ವತಂತ್ರವಾಗಿ ಓದಿ ಸಹಿ ಹಾಕಲಿ. ಉಳಿದದ್ದಕ್ಕೆ ಒಂದೇ ಸಲ ನೋಡುವುದು, ಮತ್ತೆ ನೋಡಬೇಕು ಅನ್ನಿಸಿದರೆ ಆ ತಳಮಳವನ್ನು ಸಹಿಸಿಕೊಂಡು ಮುಂದಿನ ಚೀಟಿ ತೆಗೆದುಕೊಳ್ಳುವುದು. ಮೊದಲ ವಾರ ಕಷ್ಟ ಆಗುತ್ತದೆ ಅಂತ ಹೇಳಿಯೇ ಕಳಿಸಿದೆ. ಇದರಿಂದಲೂ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡೋಣ, ಮಧ್ಯರಾತ್ರಿ ತೀರಾ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಅಂದೆ.

ಜಾಸ್ತಿ ಹೊತ್ತು ಹಿಡಿದಿದ್ದು ಡಾಕ್ಟರ್ ಜೊತೆ ಮಾತಾಡುವ ವಿಷಯ. ನಾನು ಡಾಕ್ಟರ್ ಆದೆ, ಸುಮಾ ಫೋನ್ ಮಾಡಿದರು. "ಸಾರಿ ಸರ್, ಡಿಸ್ಟರ್ಬ್ ಮಾಡಿದೆ, ಅದೇ ಆ ಪೇಷೆಂಟ್‌ದು, ಅದು ಸರಿ ಇದೆಯಾ ಅಂತ ಒಂದು ಸಲ..." ನಾನು ಮಧ್ಯದಲ್ಲೇ ಫೋನ್ ಇಟ್ಟೆ. ಸುಮಾ ನಕ್ಕುಬಿಟ್ಟರು. ಅಷ್ಟು ಹೊತ್ತಿಗೆ "ಸಾರಿ" ಬಂದಿತ್ತು, ಮದ್ದಿನ ಹೆಸರೇ ಬಂದಿರಲಿಲ್ಲ.

ಸಾರಿ ಹೇಳದೆ ಡಾಕ್ಟರ ಹತ್ತಿರ ಮಾತಾಡಿದ್ದು ಯಾವಾಗಲಾದರೂ ಇದೆಯಾ ಅಂತ ಕೇಳಿದೆ. ಇಲ್ಲ ಅಂದರು. ಆಮೇಲೆ, "ಕಕ್ಕಡದಲ್ಲಿ ಒಂದು ಸಲ..." ಅಂತ ಶುರು ಮಾಡಿದರು.

ಕಕ್ಕಡ ಅಂದರೆ ಕೊಡವರ ಮಳೆಗಾಲದ ತಿಂಗಳು. ಅದರ ಹದಿನೆಂಟನೇ ದಿನ ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಆಗಸ್ಟ್ ಮೊದಲ ವಾರ ಬರುತ್ತದೆ. ತಿಂದವರಿಗೆ ಮೂತ್ರದ ಬಣ್ಣ ಕೆಂಪಾಗುವುದು ಇಲ್ಲಿ ಮಕ್ಕಳಿಗೂ ಗೊತ್ತು. ಹಿಂದಿನ ವರ್ಷ ಹೃದಯದ ವಾಲ್ವ್ ಬದಲಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದ ಒಬ್ಬರು ಕೆಂಪು ಮೂತ್ರ ಅಂತ ಬಂದರು. ಬಯಲುಸೀಮೆಯಿಂದ ಹೊಸದಾಗಿ ಬಂದಿದ್ದ ಡ್ಯೂಟಿ ಡಾಕ್ಟರ್ ರಕ್ತಸ್ರಾವ ಅಂದುಕೊಂಡು ಮಾತ್ರೆ ನಿಲ್ಲಿಸಿ, ವಿಟಮಿನ್ ಕೆ ತರಿಸಲು ಹೇಳಿದರು. ಸುಮಾ ಇಂಜೆಕ್ಷನ್ ಕೈಯಲ್ಲಿ ಹಿಡಿದೇ ಹೋದರು. "ಸರ್, ನಿನ್ನೆ ಕಕ್ಕಡ ಹದಿನೆಂಟು. ಇವರು ಮದ್ದುಪಾಯಸ ತಿಂದಿದ್ದಾರೆ, ಕೇಳಿದೆ. ವಾಲ್ವ್ ಇರುವವರಿಗೆ ವಿಟಮಿನ್ ಕೆ ಕೊಟ್ಟರೆ ರಕ್ತ ಹೆಪ್ಪುಗಟ್ಟುವ ಅಪಾಯ. ಮೊದಲು ಐಎನ್‌ಆರ್ ಮತ್ತು ಮೂತ್ರ ಪರೀಕ್ಷೆ ಮಾಡಿಸಬಹುದಾ?" ಮಾಡಿಸಿದರು. ಐಎನ್‌ಆರ್ ಅಂದರೆ ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಅಂತ ನೋಡುವ ಪರೀಕ್ಷೆ. ಮೂತ್ರದಲ್ಲಿ ರಕ್ತಕಣ ಇರಲಿಲ್ಲ, ಐಎನ್‌ಆರ್ ಸರಿಯಾಗಿಯೇ ಇತ್ತು.

ನಾನು ಹೊಸದಾಗಿ ಕಲಿಸಬೇಕಾದದ್ದು ಏನೂ ಉಳಿದಿರಲಿಲ್ಲ. ಯಾರು, ಏನಾಗಿದೆ, ಅಪಾಯ ಏನು, ಏನು ಮಾಡಬೇಕು, ಎಲ್ಲ ಆ ನಾಲ್ಕು ಮಾತಿನಲ್ಲೇ ಇತ್ತು. ಅದೇ ಅಚ್ಚಿನಲ್ಲಿ ಮೆಥೊಟ್ರೆಕ್ಸೇಟ್ ಮಾತು ಬರೆಸಿದೆ: "ಸರ್, 4ನೇ ಬೆಡ್ಡಿನವರು. ಮೆಥೊಟ್ರೆಕ್ಸೇಟ್ ದಿನಾ ಅಂತ ಇದೆ, ಹಳೇ ಚೀಟಿಯಲ್ಲಿ ವಾರಕ್ಕೊಮ್ಮೆ. ದಿನಾ ಕೊಟ್ಟರೆ ಮಜ್ಜೆಗೆ ಅಪಾಯ. ವಾರಕ್ಕೊಮ್ಮೆ, ಭಾನುವಾರ ಅಂತ ತಿದ್ದಿಕೊಡ್ತೀರಾ?" ಹದಿನೈದು ಸೆಕೆಂಡಿನ ಮಾತು. ಫೋನ್ ಇಟ್ಟರೆ ನಡೆದುಕೊಂಡು ಹೋಗಿ ಚೀಟಿಯನ್ನೇ ಮುಂದಿಡುವುದು. ಆಗಲೂ ಆಗದಿದ್ದರೆ ಮಾತ್ರೆ ಕೊಡದೆ ಇಟ್ಟುಕೊಂಡಿದ್ದನ್ನೂ ಕಾರಣವನ್ನೂ ಫೈಲಿನಲ್ಲಿ ಬರೆಯುವುದು. ರೋಗಿಯ ಮನೆಯವರಿಗೂ ಸುಮ್ನೆ "ನಾಳೆ ಬನ್ನಿ" ಅನ್ನದೆ, ಈ ಮಾತ್ರೆಯ ಲೆಕ್ಕ ಡಾಕ್ಟರ ಹತ್ತಿರ ಕೇಳಿ ಕೊಡುತ್ತೇನೆ ಅಂತ ಹೇಳುವುದು. ಮಗ ಕೂಗಾಡಿದ್ದು ಮಳೆಗಿಂತ ಹೆಚ್ಚಾಗಿ ಕಾರಣ ತಿಳಿಯದ್ದಕ್ಕೆ.

ಜೊತೆಗೆ ಒಂದು ನೋಟ್‌ಬುಕ್ ಇಡಲು ಹೇಳಿದೆ. ತಾರೀಕು, ಚೀಟಿಯಲ್ಲಿ ಏನಿತ್ತು, ತಾವು ಏನು ಕೇಳಿದಿರಿ, ಏನು ಬದಲಾಯಿತು. ರೋಗಿಯ ಹೆಸರು ಬೇಡ, ಡಾಕ್ಟರ ಹೆಸರೂ ಬೇಡ. ಕೆಲವು ತಿಂಗಳ ನಂತರ ಆಸ್ಪತ್ರೆ ನಡೆಸುವ ಹಿರಿಯ ಡಾಕ್ಟರಿಗೆ ಅದನ್ನು ತೋರಿಸಿದರು. ಅವರು ಪುಟ ತಿರುವಿ ಕೇಳಿದ್ದು ಒಂದೇ: "ಇನ್ಸುಲಿನ್ ಯಾಕೆ ಇಷ್ಟು ಸಲ ಬಂದಿದೆ?"

ಅದಕ್ಕೆ ಸಿರಿಂಜ್ ಕಾರಣ. ಇಲ್ಲಿ ಸಿಗುವ ಇನ್ಸುಲಿನ್ ಬಾಟಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್‌ದಕ್ಕೆ ಕಿತ್ತಳೆ ಮುಚ್ಚಳದ್ದು. ಲೈನ್ ಮನೆಯಲ್ಲಿ, ಅಂದರೆ ತೋಟದ ಸಾಲುಮನೆಗಳಲ್ಲಿ, ಇರುವ ಕೆಲಸದವರು ಸಂತೆಗೆ ಬಂದಾಗ ಸಿಕ್ಕಿದ ಅಂಗಡಿಯಲ್ಲಿ ಸಿಕ್ಕಿದ ಸಿರಿಂಜ್ ಕೊಳ್ಳುತ್ತಾರೆ. 100 ಯೂನಿಟ್‌ದನ್ನು ಕೆಂಪು ಮುಚ್ಚಳದ್ದರಲ್ಲಿ 10ರ ಗೆರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಸುಮಾ ಕೌಂಟರಿನಿಂದ ಎದ್ದು ಬಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ಬಾಟಲಿ ಸಿರಿಂಜ್ ಎರಡನ್ನೂ ಕೈಗೆ ಕೊಟ್ಟು, ಅವರಿಂದಲೇ ಎಳೆಸಿ ನೋಡುತ್ತಿದ್ದರು. ಅಸ್ಸಾಮಿನ ಕಡೆಯವರಾದರೆ ಭಾಷೆ ಇಲ್ಲ, ಬೆರಳೇ ಭಾಷೆ.

ಇದನ್ನೇ ಕೆಲಸವಾಗಿ ಕೇಳಿ ಅಂದೆ. ಮಧ್ಯಾಹ್ನ ಒಂದು ಗಂಟೆ, ಬಿಲ್ಲಿನ ತಾಪತ್ರಯ ಇಲ್ಲದೆ, ವಾರ್ಡಿನಲ್ಲಿ. ಸಿಕ್ಕಿತು. ಸಂಬಳ ಮಾತ್ರ ಒಂದು ರೂಪಾಯಿ ಏರಲಿಲ್ಲ, ಅದನ್ನೂ ಹೇಳಬೇಕಲ್ವಾ. ಬೈದ ಡಾಕ್ಟರ್ ಈಗಲೂ ಹಾಗೇ ಗದರುತ್ತಾರೆ, ಆದರೆ ಫೋನ್ ಇಡುವುದಿಲ್ಲ. ರಾತ್ರಿಯ ಪೆಟ್ಟಿಗೆ ಶುರುವಾಗಿದೆ. ಎರಡನೇ ಫಾರ್ಮಸಿಸ್ಟ್ ಒಬ್ಬರು ಬಂದಿದ್ದಾರೆ, ಡಿ.ಫಾರ್ಮ್, ಅಂದರೆ ಫಾರ್ಮಸಿ ಡಿಪ್ಲೊಮಾ, ಮುಗಿಸಿದವರು.

ಕಲಿಕೆಯ ಬಗ್ಗೆಯೂ ಒಂದಷ್ಟು ಮಾತಾಯಿತು. ರಿಜಿಸ್ಟ್ರೇಷನ್ ನವೀಕರಿಸಲು 5 ವರ್ಷದಲ್ಲಿ ಕನಿಷ್ಠ 2 ರಿಫ್ರೆಶರ್ ಕೋರ್ಸ್ ಮಾಡಬೇಕು ಅಂತ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಹೇಳುತ್ತವೆ. ಸುಮಾ ಹೋಗಿದ್ದರು, ಹಿಂದಿನ ಸಾಲಿನಲ್ಲಿ ಕೂತು ಸರ್ಟಿಫಿಕೇಟ್ ತಂದಿದ್ದರು. ಮುಂದಿನ ಸಲ ನೋಟ್‌ಬುಕ್ಕಿನಿಂದ ಒಂದು ಪ್ರಶ್ನೆ ತೆಗೆದುಕೊಂಡು ಹೋಗಿ, ಸಣ್ಣ ಆಸ್ಪತ್ರೆಯ ಇನ್ನೊಬ್ಬರನ್ನು ಹುಡುಕಿ ಪಕ್ಕದಲ್ಲಿ ಕೂರಿ ಅಂದೆ. ಮದ್ದಿನ ಅಡ್ಡಪರಿಣಾಮಗಳನ್ನು ವರದಿ ಮಾಡಬೇಕಾದವರು ಡಾಕ್ಟರ್ ಮಾತ್ರ ಅಂತ ಅವರು ತಿಳಿದಿದ್ದರು. ಫಾರ್ಮಸಿಸ್ಟ್, ನರ್ಸ್, ರೋಗಿ ಯಾರು ಬೇಕಾದರೂ ರಾಷ್ಟ್ರೀಯ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮಕ್ಕೆ ತಿಳಿಸಬಹುದು, 1800-180-3024ಕ್ಕೆ ಫೋನ್ ಮಾಡಿದರೂ ಸಾಕು. ನೋವಿನ ಮಾತ್ರೆಯಿಂದ ಮೈಯೆಲ್ಲ ದದ್ದು ಎದ್ದ ಹುಡುಗನ ವರದಿ ಅವರು ಕಳಿಸಿದ ಮೊದಲನೆಯದು.

ಫಾರ್ಮ್ ಡಿ ಬೇಡ ಅಂತ ನಾನು ಹೇಳಲಿಲ್ಲ. ಸಿಟ್ಟು ಇಳಿದ ಮೇಲೂ ಆಸೆ ಇದೆಯಾ ನೋಡಿ, ಕಾಫಿ ಕುಯ್ಲು ಮುಗಿಯುವವರೆಗೆ ತೀರ್ಮಾನ ಬೇಡ ಅಂದೆ. ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್‌ಗಳು ವಾರ್ಡ್ ಸುತ್ತುವುದು ಹಳೆಯ ರೂಢಿ. ಜೊತೆಗೆ ಓದಿದ ಗೆಳತಿಯ ಮೂಲಕ ಅನುಮತಿ ಕೇಳಿ, ಒಂದು ದಿನ ಆ ಕೆಲಸ ನೋಡಿ ಬಂದರು. ಬಂದು ಹೇಳಿದ್ದು: "ಮೇಡಂ, ಅಲ್ಲೂ ಡಾಕ್ಟರ್ ಗದರ್ತಾರೆ. ಆದ್ರೆ ನನಗೆ ಗೊತ್ತಿಲ್ಲದ್ದು ತುಂಬಾ ಇದೆ. ಓದ್ಬೇಕು."

ಈಗ ಕೇಳುತ್ತಿರುವ ಪ್ರಶ್ನೆ ಬೇರೆ. ಮೂರು ವರ್ಷ ಮಗಳು ಎಲ್ಲಿರಬೇಕು, ಅತ್ತೆಗೆ ಯಾರು, ಫೀಸಿಗೆ ಏನು ದಾರಿ. ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬನ್ನಿ, ಫೀಸು, ಬಾಡಿಗೆ, ಓಡಾಟದ ಲೆಕ್ಕ ಬರೆದುಕೊಂಡು ಬನ್ನಿ ಅಂದಿದ್ದೇನೆ.