ದರಕಿನ ನುಸಿಗೆ ಔಷಧಿ ಸುರಿಯಬೇಕೇ? ಸಿದ್ದಾಪುರದ ಪ್ರಶ್ನೆಗೆ ನನ್ನ ಉತ್ತರ

ಸಿದ್ದಾಪುರದ ತಮ್ಮನಿಗೆ,

ನಿನ್ನೆ ರಾತ್ರಿ ನೀವು ಹಾಕಿದ ಎರಡೂ ಚಿತ್ರಗಳನ್ನು ನೋಡಿದೆ. ಮೊದಲನೆಯದರಲ್ಲಿ ಅಡಿಕೆ ಮರದ ಬುಡಕ್ಕೆ ಹಾಸಿದ ದರಕನ್ನು, ಅಂದರೆ ಒಣ ತರಗೆಲೆಗಳನ್ನು, ಸರಿಸಿದಾಗ ಕಂಡ, ಸಾಸಿವೆಗಿಂತ ಸಣ್ಣ, ಹೊಳೆಯುವ ಕಂದು ಕಾಳುಗಳು. ಎರಡನೆಯದರಲ್ಲಿ ಹಳದಿಯಾದ ಎಳೆ ಗಿಡಗಳ ಸೋಗೆ. ಕೆಳಗಿನ ನುಸಿಯೇ ಮೇಲೆ ಹತ್ತಿ ಸೋಗೆಯನ್ನು ಹಾಳು ಮಾಡುತ್ತಿದೆ, ಬುಡಕ್ಕೆ ಔಷಧಿ ಸುರಿಯಿರಿ ಎಂದು ಅಂಗಡಿಯವರು ಬಾಟಲಿ ಕೊಟ್ಟಿದ್ದಾರೆ, ಸುರಿಯಲೇ ಅಕ್ಕಾ ಎಂದು ಕೇಳಿದ್ದೀರಿ. ಬೇಡ. ಮುಚ್ಚಳ ತೆಗೆದಿಲ್ಲವಾದರೆ ಬಾಟಲಿಯನ್ನು ವಾಪಸು ಕೊಟ್ಟುಬಿಡಿ.

ಹೀಗೆ ಹೇಳುವ ನಾನೂ ಒಮ್ಮೆ ಸುರಿದವಳೇ. ಹತ್ತು ವರ್ಷದ ಹಿಂದೆ ಇಂಥದ್ದೇ ಸಲಹೆ ಕೇಳಿ, ತೋಟದ ಒಂದು ಪಟ್ಟಿಗೆ ಹರಳು ಔಷಧಿ ಹಾಕಿಸಿದೆ. ಕಂದು ಕಾಳುಗಳೇನೋ ಮಾಯವಾದವು. ಆದರೆ ಆ ಪಟ್ಟಿಯ ದರಕು ಮುಂದಿನ ಮಳೆಗಾಲ ಮುಗಿದರೂ ಕೈಯಲ್ಲಿ ಹಿಡಿದರೆ ಎಲೆ ಎಲೆಯಾಗಿಯೇ ಇತ್ತು. ಪಕ್ಕದ ಪಟ್ಟಿಯದು ಅಷ್ಟರಲ್ಲಿ ಕರಿ ಪುಡಿಯಾಗಿತ್ತು. ಸೋಗೆಯ ಹಳದಿ ಎರಡೂ ಕಡೆ ಒಂದೇ ಸಮ. ಆಮೇಲೆಯೇ ನಾನು ಮಸೂರ ಕೊಂಡದ್ದು. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುತ್ತಾರಲ್ಲ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಅಂಥದ್ದು. ಇದು ಕೈಯಲ್ಲಿಲ್ಲದೆ ನುಸಿಯ ಮಾತಾಡಲೇಬಾರದು ಎಂಬುದು ನನ್ನ ಹಟ.

ಗೊಂದಲದ ಮೂಲ ನಮ್ಮ ಮಾತಿನಲ್ಲೇ ಇದೆ. ಅಕ್ಕಿಗೆ ನುಸಿ ಹಿಡಿಯಿತು ಎನ್ನುತ್ತೇವೆ. ಅದು ಆರು ಕಾಲಿನ ಮೂತಿ ಹುಳು. ಸಂಜೆ ಕಣ್ಣಿನ ಸುತ್ತ ಹಾರುವುದನ್ನೂ ನುಸಿ ಎನ್ನುತ್ತೇವೆ. ಅದಕ್ಕೆ ರೆಕ್ಕೆ ಇದೆ. ನಾವೀಗ ಮಾತಾಡುತ್ತಿರುವ ನುಸಿ ಕೀಟವೇ ಅಲ್ಲ, ಜೇಡ ಮತ್ತು ಚೇಳಿನ ಬಳಗದ್ದು. ಬೆಳೆದದ್ದಕ್ಕೆ ಎಂಟು ಕಾಲು. ರೆಕ್ಕೆಯಿಲ್ಲ, ಮೀಸೆಯಿಲ್ಲ, ತಲೆ ಎಂದು ಬೇರೆಯಾಗಿ ತೋರಿಸಲು ಏನೂ ಇಲ್ಲ. ಮುಂದೆ ಬಾಯಿಯ ಉಪಕರಣಗಳ ಒಂದು ಸಣ್ಣ ತುಂಡು, ಹಿಂದೆ ಉಳಿದ ಮೈಯೆಲ್ಲ ಒಂದೇ ಚೀಲ. ಮೊಟ್ಟೆಯಿಂದ ಹೊರಬಂದ ಮರಿಗೆ ಮಾತ್ರ ಆರೇ ಕಾಲು, ಒಮ್ಮೆ ಪೊರೆ ಕಳಚಿದ ಮೇಲೆ ಎಂಟು. ಕೀಟಕ್ಕೆಂದು ಮಾಡಿದ ಎಷ್ಟೋ ಔಷಧಿಗಳು ನುಸಿಗೆ ನಾಟದಿರುವುದು ಇದೇ ಕಾರಣಕ್ಕೆ. ನುಸಿಯನ್ನು ತಿನ್ನುವ ಕೀಟಗಳು ಸಾಯುತ್ತವೆ, ನುಸಿ ಇನ್ನಷ್ಟು ಹೆಚ್ಚುತ್ತದೆ.

ನಿಮ್ಮ ದರಕಿನಲ್ಲಿ ಏನಿದೆ ಎಂದು ನೀವೇ ನೋಡಬಹುದು. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಮಧ್ಯಕ್ಕೆ ಕತ್ತರಿಸಿ, ಬಾಯಿಯ ಭಾಗವನ್ನು ತಲೆಕೆಳಗಾಗಿ ಕೆಳಭಾಗದೊಳಗೆ ಕೂರಿಸಿ. ಕೊರಳಿಗೆ ಸೊಳ್ಳೆ ಜಾಲರಿಯ ತುಂಡು, ಅದರ ಮೇಲೆ ಒಂದು ಬೊಗಸೆ ಹಸಿ ದರಕು, ಕೆಳಗೆ ಒಂದು ಹನಿ ಸಾಬೂನು ಬೆರೆಸಿದ ನೀರು. ಮೇಲಿನಿಂದ ಹಳೆಯ ಕಾಲದ ಬಲ್ಬು ಉರಿಸಿ. ಎಲ್‌ಇಡಿ ಬಲ್ಬು ಕೆಲಸಕ್ಕೆ ಬಾರದು, ಅದಕ್ಕೆ ಬೇಕಾದಷ್ಟು ಕಾವಿಲ್ಲ. ನಾನು ಕೋಳಿಮರಿಗಳಿಗೆ ಬೆಚ್ಚಗಿರಲೆಂದು ಇಟ್ಟಿದ್ದ ಬಲ್ಬನ್ನು ಕದ್ದು ತಂದಿದ್ದೆ. ದರಕು ಮೇಲಿನಿಂದ ಒಣಗುತ್ತಾ ಬಂದಂತೆ ಒಳಗಿನ ಜೀವಗಳು ತಂಪು ಹುಡುಕಿ ಕೆಳಗಿಳಿದು ನೀರಿಗೆ ಬೀಳುತ್ತವೆ. ಇಟಲಿಯ ಕೀಟವಿಜ್ಞಾನಿ ಬೆರ್ಲೇಸೆ ಎಂಬವರು 1905ರಲ್ಲಿ ಮಾಡಿದ ಆಲಿಕೆಯ ಬಡವರ ರೂಪ ಇದು.

ಎರಡು ದಿನ ಬಿಟ್ಟು ಆ ನೀರನ್ನು ಬಿಳಿ ಪಿಂಗಾಣಿ ತಟ್ಟೆಗೆ ಸುರಿಯಿರಿ. ನಿಮ್ಮ ಕಂದು ಕಾಳುಗಳು ಅಲ್ಲಿರುತ್ತವೆ. ಇವು ಒರಿಬಾಟಿಡ್ ನುಸಿಗಳು. ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಚಿಕ್ಕವು, ಮೈಮೇಲೆ ಅರಗು ಬಳಿದಂಥ ಗಟ್ಟಿ ಕವಚ. ಬದುಕಿರುವುದನ್ನು ನೋಡಬೇಕೆಂದರೆ ನೀರಿನ ಬದಲು ಒದ್ದೆ ಕಾಗದ ಇಡಿ. ಸೂಜಿಯ ತುದಿ ತಾಗಿಸಿದರೆ ಕೆಲವು ಜಾತಿಯವು ಕಾಲುಗಳನ್ನೆಲ್ಲ ಒಳಗೆಳೆದುಕೊಂಡು, ಮೈಯ ಮುಂಭಾಗವನ್ನೇ ಮುಚ್ಚಳದಂತೆ ಮಡಚಿ ಡಬ್ಬಿಯಾಗಿಬಿಡುತ್ತವೆ. ಇನ್ನು ಕೆಲವಕ್ಕೆ ಪಕ್ಕದಲ್ಲಿ ರೆಕ್ಕೆಯಂಥ ಎರಡು ಫಲಕಗಳು. ಹಾರಲಿಕ್ಕಲ್ಲ, ಕಾಲು ಮುಚ್ಚಿಕೊಳ್ಳಲಿಕ್ಕೆ. ಮಸೂರದಡಿ ಉಸಿರು ಬಿಗಿಹಿಡಿದು ಕಾದರೆ ಎರಡು ನಿಮಿಷದ ಮೇಲೆ ಒಂದು ಕಾಲು ಹೊರಬರುತ್ತದೆ, ಮತ್ತೆ ಇನ್ನೊಂದು. ನನ್ನ ಒಲೆಯ ಮೇಲಿನ ಹಾಲು ಇದರಿಂದಲೇ ಎರಡು ಸಲ ಉಕ್ಕಿದೆ.

ಇವುಗಳ ಊಟ ಕೊಳೆತ ಎಲೆ ಮತ್ತು ಅದರ ಮೇಲೆ ಬೆಳೆಯುವ ಶಿಲೀಂಧ್ರ. ಎಲೆಯನ್ನು ಕೊರೆದು ಹಿಕ್ಕೆಯಾಗಿಸಿ, ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ದಾರಿ ಮಾಡಿಕೊಡುತ್ತವೆ. ನಾವು ಸೊಪ್ಪಿನ ಬೆಟ್ಟದಿಂದ ಹೊತ್ತು ತಂದು ಹಾಸಿದ್ದನ್ನು ಗೊಬ್ಬರ ಮಾಡುವ ಸಂಬಳವಿಲ್ಲದ ಆಳುಗಳಲ್ಲಿ ಇವೂ ಸೇರಿವೆ. ಹಸಿರು ಸೋಗೆಗೆ ಇವು ಬಾಯಿ ಹಾಕುವುದಿಲ್ಲ. ಪೂರ್ತಿ ನಿರಪರಾಧಿಗಳು ಎಂದೇನೂ ಹೇಳಲಾರೆ: ದನ ಕುರಿಗಳ ಲಾಡಿಹುಳುವಿನ ಒಂದು ಜಾತಿ ತನ್ನ ಮರಿಯ ಕಾಲವನ್ನು ಇವುಗಳ ಹೊಟ್ಟೆಯಲ್ಲಿ ಕಳೆಯುತ್ತದೆ. ಹುಲ್ಲಿನ ಜೊತೆ ನುಸಿಯನ್ನು ತಿಂದ ಕರುವಿಗೆ ಅದು ಸೇರುತ್ತದೆ. ಅದಕ್ಕೆ ಮದ್ದು ಪಶುವೈದ್ಯರ ಬಳಿ ಇದೆ, ತೋಟದ ಬುಡದಲ್ಲಲ್ಲ.

ತಟ್ಟೆಯಲ್ಲಿ ಇನ್ನೂ ಇಬ್ಬರು ಸಿಗುತ್ತಾರೆ. ಕಾಲು ಉದ್ದವಾಗಿ, ತಿಳಿ ಕಂದು ಬಣ್ಣದಲ್ಲಿ, ಬದುಕಿದ್ದಾಗ ಬೆನ್ನಟ್ಟಿದವರಂತೆ ಓಡುವವು ಬೇಟೆಗಾರ ನುಸಿಗಳು. ಮಣ್ಣಿನ ಸಣ್ಣ ದುಂಡುಹುಳು, ಸಣ್ಣ ಕೀಟ, ಇತರ ನುಸಿ ಇವುಗಳ ಆಹಾರ. ಬಾಲದ ಕವೆಯನ್ನು ಚಿಮ್ಮಿ ಹಾರುವ ಬಿಳಿಯವು ನುಸಿಯೇ ಅಲ್ಲ, ಆರು ಕಾಲಿನವು, ಅವೂ ಕೊಳೆತದ್ದನ್ನೇ ತಿನ್ನುವ ಸಾಧುಗಳು. ಅಂಗಡಿಯ ಬಾಟಲಿ ಈ ಮೂವರಲ್ಲಿ ಭೇದ ಮಾಡುವುದಿಲ್ಲ.

ವಿಂಗಡಣೆಯ ಬಗ್ಗೆ ಕೇಳಿದವರಿಗೆ ಇಷ್ಟು: ಹೆಸರಿಟ್ಟ ನುಸಿ ಜಾತಿಗಳು 50,000ಕ್ಕೂ ಹೆಚ್ಚು, ಹೆಸರಿಲ್ಲದವು ಇನ್ನೆಷ್ಟೋ. ಸ್ಕಾಟ್‌ಲೆಂಡಿನ ರೈನಿ ಎಂಬಲ್ಲಿನ ಕಲ್ಲಿನಲ್ಲಿ ಸಿಕ್ಕ ನುಸಿಯ ಪಳೆಯುಳಿಕೆಗೆ ಸುಮಾರು 41 ಕೋಟಿ ವರ್ಷ. ದೊಡ್ಡ ಕವಲು ಎರಡು. ಒಂದರಲ್ಲಿ ದರಕಿನ ಒರಿಬಾಟಿಡ್‌ಗಳು, ಎಲೆಯ ರಸ ಹೀರುವ ಜೇಡ ನುಸಿಗಳು, ತೆಂಗಿನ ನುಸಿ, ಮೊದಲ ಮಳೆಗೆ ಮಖಮಲ್ಲಿನ ಗುಂಡಿಯಂತೆ ನೆಲದ ಮೇಲೆ ನಡೆಯುವ ಕೆಂಪು ಹುಳು, ಮನೆ ಧೂಳಿನ ನುಸಿ, ತುರಿಕಜ್ಜಿಯ ನುಸಿ. ಇನ್ನೊಂದರಲ್ಲಿ ಓಡುವ ಬೇಟೆಗಾರರು, ಕೋಳಿಗೂಡಿನ ಕೆಂಪು ನುಸಿ, ಜೇನುಗೂಡಿನ ವರೋವಾ ಮತ್ತು ನಮ್ಮ ಉಣುಗು. ಹೌದು, ಉಣುಗೂ ನುಸಿಯ ಕುಲದ್ದೇ, ಆಕಾರದಲ್ಲಿ ದೊಡ್ಡದು ಅಷ್ಟೇ. ಈ ಎರಡು ಕವಲುಗಳು ನಿಜಕ್ಕೂ ಒಂದೇ ಬುಡದಿಂದ ಒಡೆದವೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಜಗಳ ಮುಗಿದಿಲ್ಲ. ನನಗೆ ಸೋಜಿಗವೆನಿಸುವುದು ಬೇರೆ: ಚರ್ಮದೊಳಗೆ ಸುರಂಗ ತೋಡುವ ಕಜ್ಜಿಯ ನುಸಿಯೂ ಹಾಸಿಗೆಯ ಧೂಳಿನ ನುಸಿಯೂ ಈ ಸಾಧು ಒರಿಬಾಟಿಡ್‌ಗಳ ವಂಶದೊಳಗಿನಿಂದಲೇ ಹುಟ್ಟಿ ಬಂದವಂತೆ. ಒಂದೇ ಮನೆಯ ಮಕ್ಕಳಲ್ಲಿ ಒಬ್ಬ ಗೊಬ್ಬರ ಹೊರುತ್ತಾನೆ, ಇನ್ನೊಬ್ಬ ನಮ್ಮ ತೊಗಲಿನಲ್ಲಿ ಮನೆ ಕಟ್ಟುತ್ತಾನೆ.

ಇನ್ನು ಸೋಗೆಯ ಹಳದಿ. ಬೆಳಿಗ್ಗೆ ಎಲೆಯ ಅಡಿಭಾಗವನ್ನು ತಿರುಗಿಸಿ, ನಡುದಿಂಡಿನ ಉದ್ದಕ್ಕೂ ನೋಡಿ. ಬಲೆಯಿಲ್ಲದೆ ಇಟ್ಟಿಗೆ ಕೆಂಪಿನ ಚಪ್ಪಟೆ ಚುಕ್ಕೆಗಳು ಗುಂಪಾಗಿ ಕೂತಿದ್ದರೆ ಅದು ಕೆಂಪು ನುಸಿ, ರಾವೋಯೆಲ್ಲಾ ಇಂಡಿಕಾ. ಇದನ್ನು ಮೊದಲು ವರ್ಣಿಸಿದ್ದು 1924ರಲ್ಲಿ, ಕೊಯಮತ್ತೂರಿನ ತೆಂಗಿನ ಗರಿಯಿಂದ. 2004ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಕಾಲಿಟ್ಟು ಅಲ್ಲಿನ ತೆಂಗು ಬಾಳೆಗಳನ್ನು ಗೋಳಾಡಿಸಿತು. ಸಣ್ಣ ಬಿಳಿ ಬಲೆ, ಅದರಡಿ ಓಡಾಡುವ ಪುಡಿಯಂಥ ಜೀವಗಳು ಇದ್ದರೆ ಅಡಿಕೆಯ ಬಿಳಿ ನುಸಿ. ಬಿಸಿಲಿಗೆ ಒಡ್ಡಿದ ಸಸಿಗಳಲ್ಲಿ, ಫೆಬ್ರವರಿಯಿಂದ ಮೇವರೆಗೆ ಇವುಗಳ ಕಾಟ. ಮಳೆ ಹಿಡಿದರೆ ತಾವಾಗಿ ಇಳಿಯುತ್ತವೆ. ಬರುವುದು ಬುಡದಿಂದಲ್ಲ, ಗಾಳಿಯಲ್ಲಿ ತೇಲಿ. ಗಂಡಿನೊಡನೆ ಕೂಡದೆ ಇಟ್ಟ ಮೊಟ್ಟೆಯೂ ಗಂಡು ಮರಿಯಾಗುವುದರಿಂದ ಒಂದೇ ಹೆಣ್ಣು ಬಂದರೂ ಸಂತಾನ ಮುಂದುವರಿಯುತ್ತದೆ.

ಎರಡರಲ್ಲಿ ಯಾವುದೂ ಕಾಣದೆ, ಎಲೆಯ ತುದಿಯಿಂದ ಹಳದಿ ಒಳಗಿಳಿಯುತ್ತಿದ್ದರೆ ಅದು ಬೇರೆಯೇ ಮಾತು. ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ. ನುಸಿಯೇ ಆದರೆ ವಾರಕ್ಕೊಮ್ಮೆ ಎಲೆಯ ಅಡಿಗೆ ಜೋರಾಗಿ ನೀರು ಹಾಯಿಸಿ, ಸಸಿಗಳಿಗೆ ಸೋಗೆಯ ನೆರಳು ಕಟ್ಟಿ, ತೀರಾ ಕೆಟ್ಟ ಎಲೆಗಳನ್ನು ತೆಗೆದುಬಿಡಿ. ನುಸಿಗಳ ನಡುವೆ ಎಳ್ಳಿಗಿಂತ ಸಣ್ಣ ಕರಿ ಗುಲಗಂಜಿ ಹುಳುಗಳು ಕಂಡರೆ ಕೈಯನ್ನೇ ಹಾಕಬೇಡಿ, ಅವೇ ತಿಂದು ಮುಗಿಸುತ್ತವೆ. ಇಷ್ಟಾದರೂ ಬಗ್ಗದಿದ್ದರೆ ನೀರಿನಲ್ಲಿ ಕರಗುವ ಗಂಧಕ, ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ, ಸಂಜೆಯ ತಂಪಿನಲ್ಲಿ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆದರೆ ಎಲೆ ಸುಟ್ಟೀತು.

ಇದೇ ಪ್ರಶ್ನೆಯ ಕೆಳಗೆ ಕಾರವಾರದವರೊಬ್ಬರು ತೆಂಗಿನಕಾಯಿ ಸಿಪ್ಪೆ ಬಿರಿದು ಕಂದಾಗಿದೆ, ಹತ್ತು ಪಟ್ಟಿನ ಮಸೂರದಲ್ಲಿ ಏನೂ ಕಾಣಲಿಲ್ಲ ಎಂದಿದ್ದಾರೆ. ಕಾಣುವುದಿಲ್ಲ. ತೆಂಗಿನ ನುಸಿಯ ಉದ್ದ ಮಿಲಿಮೀಟರಿನ ಕಾಲು ಭಾಗ, ಹುಳುವಿನಂಥ ಮೈ, ಎಂಟರ ಬದಲು ನಾಲ್ಕೇ ಕಾಲು. ಮೂವತ್ತು ಪಟ್ಟಾದರೂ ಬೇಕು. ಮೂರು ನಾಲ್ಕು ತಿಂಗಳ ಎಳೆಗಾಯಿಯ ತೊಟ್ಟಿನ ಎಸಳನ್ನು ಎಬ್ಬಿಸಿ. ಕೆಳಗೆ ತ್ರಿಕೋನಾಕಾರದ ಮಾಸಲು ಬಿಳಿ ಕಲೆಯಿದ್ದರೆ ಅದೇ. ಮೆಕ್ಸಿಕೋದ ಗೆರೆರೋ ಪ್ರಾಂತ್ಯದಿಂದ 1965ರಲ್ಲಿ ಹೆಸರು ಪಡೆದ ಈ ಪ್ರಾಣಿ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1998ರಲ್ಲಿ, ಎರ್ನಾಕುಲಂನಲ್ಲಿ. ಎಸಳಿನ ಮರೆಯಲ್ಲಿ ಕೂರುವುದರಿಂದ ಮೇಲಿನಿಂದ ಸುಮ್ಮನೆ ಹೊಡೆದ ಔಷಧಿ ತಲುಪುವುದಿಲ್ಲ. ಲೀಟರ್ ನೀರಿಗೆ 20 ಮಿಲಿಲೀಟರ್ ಬೇವಿನೆಣ್ಣೆ, ಅರೆದು ಸೋಸಿದ 20 ಗ್ರಾಂ ಬೆಳ್ಳುಳ್ಳಿ, 5 ಗ್ರಾಂ ಬಟ್ಟೆ ಸಾಬೂನು ಕಲಸಿ, ಎಳೆಗೊನೆಗಳ ತೊಟ್ಟಿಗೆ ತಾಗುವಂತೆ ವರ್ಷಕ್ಕೆ ಮೂರು ಸಲ ಸಿಂಪಡಿಸಿ. ಮರ ಹತ್ತುವವರು ಸಿಗುವುದೇ ಕಷ್ಟ ಎಂಬುದು ನನಗೂ ಗೊತ್ತು.

ಕಾರವಾರದವರೇ ಕಳಿಸಿದ ಚಿತ್ರದಲ್ಲಿ, ತೆಂಗಿಗೆ ಕಾಟ ಕೊಡುವ ಕುರುವಾಯಿ ದುಂಬಿಯ ಹೊಟ್ಟೆಗೆ ಅಂಟಿದ ನುಸಿಗಳು ದುಂಬಿಯನ್ನು ಬಸ್ ಮಾಡಿಕೊಂಡು ಒಂದು ಗೊಬ್ಬರದ ಗುಂಡಿಯಿಂದ ಇನ್ನೊಂದಕ್ಕೆ ಹೊರಟವು. ದುಂಬಿಯೇನೂ ಅದರಿಂದ ಸಾಯುವುದಿಲ್ಲ. ತುಡುವೆ ಜೇನಿನ ಗೂಡಿನಲ್ಲಿ, ಗಂಡುಜೇನಿನ ಕೋಶದಲ್ಲಿ ಅವರಿಗೆ ಕಂಡ, ಉದ್ದಕ್ಕಿಂತ ಅಗಲ ಹೆಚ್ಚಿರುವ ಕೆಂಗಂದು ನುಸಿ ವರೋವಾ; ತುಡುವೆಗೆ ಅದರೊಡನೆ ಬಾಳಿ ಅಭ್ಯಾಸವಿದೆ, ಗೂಡಿಗೆ ಔಷಧಿ ಇಡಲು ಹೋಗಬೇಡಿ.

ತಮ್ಮಾ, ನಿಮ್ಮ ಮೊದಲ ಚಿತ್ರದ ಮೂಲೆಯಲ್ಲಿ ದರಕು ಗುಡಿಸುತ್ತಿರುವವರ ಕಾಲು ಬರಿಗಾಲು. ನನಗೆ ದಿಗಿಲಾದದ್ದು ಅದನ್ನು ನೋಡಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಾದ ಮಂಗನ ಕಾಯಿಲೆ ನಿಮ್ಮ ತಾಲೂಕಿನಲ್ಲಿ ಸಾವುಗಳನ್ನು ಕಂಡಿದೆ. ಅದನ್ನು ಹೆಚ್ಚಾಗಿ ಹರಡುವ ಉಣುಗು ಮೂರು ಹಂತದಲ್ಲಿ ಮೂರು ಬೇರೆ ಪ್ರಾಣಿಗಳ ರಕ್ತ ಕುಡಿಯುತ್ತದೆ. ಮನುಷ್ಯನಿಗೆ ಕಚ್ಚುವುದು ಮುಖ್ಯವಾಗಿ ಮಧ್ಯದ ಹಂತದ, ಎಂಟು ಕಾಲಿನ ಮರಿ. ಅದು ಬೆಟ್ಟದ ಒಣ ಎಲೆಗಳಲ್ಲಿ ಹೆಚ್ಚಾಗುವ ಡಿಸೆಂಬರಿನಿಂದ ಮೇ ತಿಂಗಳಲ್ಲೇ ನಾವು ದರಕು ಗುಡಿಸಲು ಹೋಗುತ್ತೇವೆ. ಪೊದೆ ಹುಲ್ಲಿನಲ್ಲಿ ಇನ್ನೊಂದಿದೆ, ಆರು ಕಾಲಿನ ಕೆಂಪು ನುಸಿಮರಿ. ಅದರ ಜಾತಿಯಲ್ಲಿ ಮರಿ ಮಾತ್ರವೇ ಕಚ್ಚುವುದು, ಅದರಿಂದ ಸ್ಕ್ರಬ್ ಟೈಫಸ್ ಜ್ವರ. ಕಚ್ಚಿದ ಜಾಗದಲ್ಲಿ ಬೀಡಿ ಸುಟ್ಟಂಥ ಕರಿ ಗಾಯ ಇರಬಹುದು, ವೈದ್ಯರಿಗೆ ತೋರಿಸಲು ಮರೆಯಬೇಡಿ.

ಬೆಟ್ಟಕ್ಕೆ ಹೋಗುವವರಿಗೆ ಉದ್ದ ಪ್ಯಾಂಟು, ಅದರ ತುದಿ ಸಾಕ್ಸಿನೊಳಗೆ, ಕೈಕಾಲಿಗೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ. ಬಂದ ಕೂಡಲೆ ಬಟ್ಟೆ ಬಿಸಿನೀರಿಗೆ, ಮೈಗೆ ಸಾಬೂನಿನ ಸ್ನಾನ. ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ ಕೈಯಾಡಿಸಿ ನೋಡಿಕೊಳ್ಳಲಿ. ಅಂಟಿದ ಉಣುಗನ್ನು ಉಗುರಿನಲ್ಲಿ ಚಿವುಟದೆ ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ಜ್ವರ ಬಂದರೆ ಬೆಟ್ಟಕ್ಕೆ ಹೋಗಿದ್ದೆವು ಎಂದು ಮೊದಲೇ ಹೇಳಿ.

ನಾಳೆ ಬಿಸಿಲೇರುವ ಮೊದಲು ಸೋಗೆಯ ಅಡಿಭಾಗದ ಚಿತ್ರ ತೆಗೆದು ಹಾಕಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಕೆಂಪೋ ಬಿಳಿಯೋ ನೋಡಿ ಹೇಳುತ್ತೇನೆ.